ಕಿತ್ತಳೆ ಗುಂಡು ಮತ್ತು ಹಾರುವ ಹುಂಜ

“ಇನ್ನೊಂದ್ಸಲ ಓದೋ,” ಎಂದಳು ಪಿಕುನ್.

ಟೋನ್ ನೋಟಿಸ್ ಬೋರ್ಡಿಗೆ ಮೂಗು ತಾಗುವಷ್ಟು ಬಗ್ಗಿ ಮತ್ತೆ ಓದಿದ. “ಬುಧವಾರ, ಕೈತೋಟದ ಕ್ಲಬ್. ಹನ್ನೊಂದನೇ ಹೆಸರು, ಪಿಕುನ್. ಎಷ್ಟ್ ಸಲ ಓದಿದ್ರೂ ಅದೇ ಕಣೇ. ಅಕ್ಷರ ಏನು ಎದ್ದು ಓಡಿಹೋಗತ್ತಾ?”

“ಗುರುವಾರದ್ದು ನೋಡು. ರನಾತ್ ಕ್ಲಬ್.”

“ಅಲ್ಲಿ ಎಂಟು ಹೆಸರಿದೆ. ನಂದಿದೆ. ನಿಂದಿಲ್ಲ.”

ಪಿಕುನ್ ತನ್ನ ಬಿಳಿ ಕೋಲನ್ನು ಎಡಗೈಯಿಂದ ಬಲಗೈಗೆ ಬದಲಿಸಿದಳು.

ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣದು. ಆದರೆ ಕಿವಿ ಅಂದರೆ ಕಿವಿ! ಮಹಡಿಯ ಮೇಲಿನ ಸಂಗೀತದ ಕೋಣೆಯಲ್ಲಿ ದೊಡ್ಡ ಮಕ್ಕಳು ರನಾತ್ ಬಾರಿಸುವಾಗ ಅವಳು ಪ್ರತಿ ಸಲವೂ ಮೆಟ್ಟಿಲ ಕೆಳಗೆ ನಿಂತಿರುತ್ತಿದ್ದಳು. ದೋಣಿಯಂಥ ಪೆಟ್ಟಿಗೆಯ ಮೇಲೆ ಮರದ ಪಟ್ಟಿಗಳ ಸಾಲು, ಬಾರಿಸಲು ಎರಡು ಕೋಲು. ಯಾವ ಪಟ್ಟಿ ಸ್ವಲ್ಪ ಸಡಿಲವಾಗಿದೆ ಅನ್ನುವುದನ್ನೂ ಅವಳು ಕೆಳಗಿನಿಂದಲೇ ಹೇಳುತ್ತಿದ್ದಳು. ಶಾಲೆಯಲ್ಲಿ ಇರುವುದು ಎಂಟೇ ರನಾತ್. ಹಾಗಾಗಿ ಎಂಟೇ ಸೀಟು. ಐದನೇ ಕ್ಲಾಸಿಗೆ ಬಂದರೆ ಮಾತ್ರ ಸೇರಬಹುದು. ಅವಳು ಎರಡು ವರ್ಷದಿಂದ ಕಾಯುತ್ತಿದ್ದಳು.

ಹಿಂದೆ ನಿಂತಿದ್ದ ಚಾಬಾ ಬಾಯಲ್ಲಿದ್ದ ಬಾಳೆಹಣ್ಣಿನ ಬೋಂಡಾವನ್ನು ಗಬಕ್ಕನೆ ನುಂಗಿದಳು. ಕ್ಲಬ್ ಆರಿಸುವ ವೆಬ್‌ಪುಟವನ್ನು ಮಾಡಿದ್ದು ಅವಳೇ. ಕಂಪ್ಯೂಟರ್ ಕ್ಲಾಸಿನಲ್ಲಿ ಹತ್ತು ಮಕ್ಕಳು ಹತ್ತು ಪುಟ ಮಾಡಿದ್ದರು. ಮಾಲಿವನ್ ಟೀಚರ್ ಚಾಬಾಳದ್ದನ್ನೇ ಆರಿಸಿದ್ದರು.

“ನೀನೇ ಏನೋ ತಪ್ಪು ಒತ್ತಿರ್ತೀಯ,” ಎಂದಳು ಚಾಬಾ.

“ಇಲ್ಲ. ಟ್ಯಾಬ್ ಕೀ ಎಣಿಸ್ಕೊಂಡು ಒತ್ತಿದ್ದು. ಸೋಮ, ಮಂಗಳ, ಬುಧ, ಗುರು. ನಾಲ್ಕನೇದು.”

“ಎಣಿಸೋದ್ಯಾಕೆ? ಬಣ್ಣ ಇದ್ಯಲ್ಲಾ!”

ಮಾತು ಹೊರಬಿದ್ದ ಮೇಲೆ ಚಾಬಾ ನಾಲಿಗೆ ಕಚ್ಚಿಕೊಂಡಳು. ಟೋನ್ ಹಣೆ ಚಚ್ಚಿಕೊಂಡ.

ಸೋಮವಾರಕ್ಕೆ ಹಳದಿ, ಮಂಗಳವಾರಕ್ಕೆ ಗುಲಾಬಿ, ಬುಧವಾರಕ್ಕೆ ಹಸಿರು, ಗುರುವಾರಕ್ಕೆ ಕಿತ್ತಳೆ, ಶುಕ್ರವಾರಕ್ಕೆ ತಿಳಿನೀಲಿ. ಇದು ಥಾಯ್ಲೆಂಡಿನ ಲಂಪಾಂಗಿನಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತು. ಯಾವ ದಿನ ಅಂತ ಮರೆತರೆ ಟೀಚರ್ ಅಂಗಿ ನೋಡಿದರೆ ಸಾಕು. ಅದಕ್ಕೇ ಚಾಬಾ ತನ್ನ ಪುಟದಲ್ಲಿ ವಾರದ ಹೆಸರುಗಳನ್ನೇ ಬರೆದಿರಲಿಲ್ಲ. ಐದು ಹೊಳೆಯುವ ಗುಂಡುಗಳನ್ನು ಇಟ್ಟು, ಪ್ರತಿ ಗುಂಡಿನೊಳಗೆ ಕ್ಲಬ್ಬಿನ ಒಂದು ಚಿತ್ರ ಹಾಕಿದ್ದಳು. ಅಕ್ಷರವೇ ಇಲ್ಲದ ಪುಟ ಎಷ್ಟು ಚೆಂದ ಅಂತ ಎಲ್ಲರೂ ಹೊಗಳಿದ್ದರು.

ಅಷ್ಟರಲ್ಲಿ ಮಾಲಿವನ್ ಟೀಚರ್ ಬಂದರು. ಮಂಗಳವಾರವಾದ್ದರಿಂದ ಅಪ್ಪಟ ಗುಲಾಬಿ ಅಂಗಿ.

“ಟೀಚರ್, ನನ್ ಸೀಟ್ ಪಿಕುನ್‌ಗೆ ಕೊಟ್ಬಿಡಿ,” ಎಂದ ಟೋನ್. “ನಾನು ಗುರುವಾರ ಹುಟ್ಟಿದ್ದು. ನನ್ ಬಣ್ಣ ಅಂತ ಕಿತ್ತಳೆ ಒತ್ದೆ. ನಂಗೆ ರನಾತೂ ಬೇಡ, ಗಿನಾತೂ ಬೇಡ.”

“ಒಂದ್ಸಲ ಆರಿಸಿದ ಮೇಲೆ ಬದಲಾಯಿಸೋ ಹಾಗಿಲ್ಲ,” ಎಂದರು ಟೀಚರ್. “ಹೋದ ವರ್ಷ ಏನಾಯ್ತು, ನೆನಪಿದ್ಯಾ? ಇವತ್ತು ಒಬ್ಬರಿಗೆ ಬದಲಾಯಿಸಿಕೊಟ್ರೆ ನಾಳೆ ನಲವತ್ತು ಜನ ನನ್ನ ಟೇಬಲ್ ಮುಂದೆ ಕ್ಯೂ ನಿಲ್ತೀರ.”

“ನಂಗೂ ಅವನ ಸೀಟ್ ಬೇಡ ಟೀಚರ್,” ಎಂದಳು ಪಿಕುನ್. “ಯಾವ ಫಾರ್ಮ್ ಬಂದ್ರೂ ಯಾರಾದ್ರೂ ನನ್ ಕೈಯಿಂದ ಕಿತ್ಕೊಂಡು ತಾವೇ ತುಂಬಿಬಿಡ್ತಾರೆ. ಇದೊಂದು ನಾನೇ ಒತ್ತಿದ್ದು. ನಾನು ಸರಿಯಾಗೇ ಒತ್ತಿದೀನಿ.”

ಟೀಚರ್ ಅವಳ ಮುಖ ನೋಡಿದರು, ಆಮೇಲೆ ಚಾಬಾಳ ಮುಖ ನೋಡಿದರು.

“ಸರಿ. ಹಾಗಿದ್ರೆ ಪುಟಕ್ಕೇ ಪರೀಕ್ಷೆ ಇಡೋಣ. ಚಾಬಾ, ನಿಮ್ಮ ಪಕ್ಕದ ಮನೇಲಿ ಉರೈ ಇದ್ದಾಳಲ್ಲ? ಅವಳ ಕೆಲಸಾನೇ ಅದು. ಪುಟ ಸರಿಯಿದೆ ಅಂತ ಅವಳಂದ್ರೆ ಪಟ್ಟಿ ಹೀಗೇ ಇರತ್ತೆ. ತಪ್ಪಿದೆ ಅಂದ್ರೆ ಪೂರ್ತಿ ಪಟ್ಟಿ ಕ್ಯಾನ್ಸಲ್. ಶುಕ್ರವಾರ ಮಧ್ಯಾಹ್ನ ಎಲ್ಲರೂ ಮೊದಲಿಂದ ಆರಿಸ್ಬೇಕು.”

ಸಿಹಿತಿಂಡಿ ಕ್ಲಬ್ಬಿನ ಕೊನೆಯ ಸೀಟು ಚಾಬಾಗೆ ಸಿಕ್ಕಿತ್ತು. ಎರಡನೇ ಸಲ ಸಿಗುತ್ತದೆ ಅಂತ ಏನು ಗ್ಯಾರಂಟಿ?

*

ಚಪ್ಪಲಿ ಬಿಟ್ಟು ಚಾಬಾ ಉರೈ ಅಕ್ಕನ ಬಾಗಿಲಲ್ಲಿ ನಿಂತಳು.

“ಅಕ್ಕಾ, ನಾನು.”

“ಗೊತ್ತು ಕಣೇ. ನಿನಗಿಂತ ಮುಂಚೆ ಬೋಂಡಾ ವಾಸನೆ ಬಂತು. ಬಾ ಒಳಗೆ.”

ಉರೈ ಅಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪರದೆ ಕಪ್ಪಾಗಿತ್ತು. ಯಾವಾಗಲೂ ಹಾಗೇ. ಅವಳಿಗೂ ಕಣ್ಣು ಕಾಣದು. ಬಸ್ಸಿನವರು, ಆಸ್ಪತ್ರೆಯವರು, ಬ್ಯಾಂಕಿನವರು ತಮ್ಮ ವೆಬ್‌ಸೈಟುಗಳನ್ನು ಅವಳಿಗೆ ಕಳಿಸುತ್ತಾರೆ. ಪರದೆಯ ಮೇಲೆ ಇರುವುದನ್ನೆಲ್ಲ ಗಟ್ಟಿಯಾಗಿ ಓದುವ ಒಂದು ಸಾಫ್ಟ್‌ವೇರ್ ಇದೆ. ಅದನ್ನು ಕೇಳುತ್ತ, ಬರೀ ಕೀಬೋರ್ಡ್ ಒತ್ತುತ್ತ, ಅವಳು ಟಿಕೆಟ್ ತೆಗೆಯಲು ನೋಡುತ್ತಾಳೆ, ಡಾಕ್ಟರ ಸಮಯ ಕೇಳಲು ನೋಡುತ್ತಾಳೆ. ಎಲ್ಲಿ ಸಿಕ್ಕಿಹಾಕಿಕೊಂಡಳೋ ಅದನ್ನು ಬರೆದು ಕಳಿಸುತ್ತಾಳೆ. ಅವಳ ಸಾಫ್ಟ್‌ವೇರ್ ಎಷ್ಟು ಜೋರಾಗಿ ಓಡುತ್ತದೆ ಅಂದರೆ, ಚಾಬಾಗೆ ಅದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು.

ಚಾಬಾ ನಡೆದದ್ದನ್ನೆಲ್ಲ ಹೇಳಿದಳು. ತನ್ನ ಕಡೆಯಿಂದ ಸ್ವಲ್ಪ ಉಪ್ಪು ಖಾರವನ್ನೂ ಸೇರಿಸಿದಳು. ಆಮೇಲೆ, “ಪುಟ ಸರಿಯಿದೆ ಅಂತ ಟೀಚರಿಗೆ ಎರಡು ಸಾಲು ಬರ್ಕೊಡಿ ಅಕ್ಕಾ, ಪ್ಲೀಸ್,” ಎಂದಳು.

“ಪುಟ ಕೇಳದೇನೇ?” ಉರೈ ಅಕ್ಕ ನಕ್ಕಳು. “ಚೆನ್ನಾಗಿದೆ ನಿನ್ ಕತೆ. ಕೂತ್ಕೋ. ಪುಸ್ತಕ, ಪೆನ್ಸಿಲ್ ತಗೋ. ನಂದೊಂದು ರೂಲ್ ಇದೆ. ನಾನು ಪರೀಕ್ಷೆ ಮಾಡೋವಾಗ ಪುಟ ಮಾಡಿದೋರು ಬಾಯಿ ಬಿಡೋ ಹಾಗಿಲ್ಲ. ‘ಅಲ್ಲೊತ್ತಿ, ಇಲ್ಲೊತ್ತಿ’ ಅನ್ನೋ ಹಾಗಿಲ್ಲ. ಏನಾಯ್ತೋ ಅಷ್ಟನ್ನ ಬರ್ಕೋಬೇಕು. ಆಯ್ತಾ?”

“ಹ್ಞೂ.”

“ಪಟ್ಟಿ ಹಾಳಾಗದ ಹಾಗೆ ಪುಟದ್ದು ಬೇರೆ ಕಾಪಿ ತಂದಿದೀಯಾ? ಸರಿ. ಕೆಲಸ ಏನಪ್ಪಾ ಅಂದ್ರೆ, ಗುರುವಾರದ ರನಾತ್ ಕ್ಲಬ್ ಆರಿಸ್ಬೇಕು. ನಿನಗೂ ಕೇಳ್ಸೋ ಹಾಗೆ ಧ್ವನಿ ನಿಧಾನ ಮಾಡ್ತೀನಿ.”

ಉರೈ ಅಕ್ಕ ಟ್ಯಾಬ್ ಒತ್ತಿದಳು.

“ಬಟನ್,” ಎಂದಿತು ಲ್ಯಾಪ್‌ಟಾಪ್.

ಇನ್ನೊಂದು ಸಲ ಒತ್ತಿದಳು. “ಬಟನ್.” ಮತ್ತೊಂದು ಸಲ. “ಬಟನ್.” ಕೊನೆಯವರೆಗೂ ಹೋದಳು. ಬಟನ್, ಬಟನ್, ಬಟನ್. ಹಳದಿ ಅನ್ನಲಿಲ್ಲ, ಚಿತ್ರಕಲೆ ಅನ್ನಲಿಲ್ಲ, ರನಾತ್ ಅನ್ನಲಿಲ್ಲ.

ಚಾಬಾ ಬಾಯಿ ತೆರೆದಳು. ಉರೈ ಅಕ್ಕ ಒಂದು ಬೆರಳು ಎತ್ತಿದಳು. ಚಾಬಾ ಬಾಯಿ ಮುಚ್ಚಿದಳು.

“ಇದು ಏನೂ ಹೇಳ್ತಿಲ್ಲ. ಹಂಗಾಗಿ ಎಣಿಸೋದೊಂದೇ ದಾರಿ,” ಎಂದುಕೊಂಡಳು ಉರೈ ಅಕ್ಕ. “ಗುರುವಾರ ಅಂದ್ರೆ ನಾಲ್ಕನೇದು. ಒಂದು, ಎರಡು, ಮೂರು, ನಾಲ್ಕು.” ಎಂಟರ್ ಒತ್ತಿದಳು.

ಲ್ಯಾಪ್‌ಟಾಪ್ ಗಪ್‌ಚುಪ್. ಪರದೆಯಲ್ಲಿ ಈಗ ದೊಡ್ಡದೊಂದು ಹಸಿರು ರೈಟ್ ಗುರುತು ಬಂದಿರುತ್ತದೆ, ಚಾಬಾಗೆ ಗೊತ್ತು. ಆದರೆ ಗುರುತು ಮಾತಾಡುವುದಿಲ್ಲವಲ್ಲ.

“ಆಯ್ತೋ ಇಲ್ವೋ ನಂಗೊತ್ತಾಗ್ಲಿಲ್ಲ. ಆಗಿದೆ ಅಂದ್ಕೊಂಡು ಎದ್ದುಹೋಗ್ತೀನಿ. ಈಗ ಮಾತಾಡ್ಬಹುದು ನೀನು. ಪಟ್ಟೀಲಿ ಏನಂತ ಬಂತು?”

ಜೊತೆಗೆ ತಂದಿದ್ದ ಅಪ್ಪನ ಫೋನಿನಲ್ಲಿ ಚಾಬಾ ಆ ಕಾಪಿಯ ಪಟ್ಟಿ ತೆರೆದು ನೋಡಿದಳು.

“ಬುಧವಾರ. ಕೈತೋಟ.”

“ಅಂದ್ರೆ ಪಿಕುನ್‌ಗೆ ಬಂದಿದ್ದೇ.”

“ಆದ್ರೆ ಅಕ್ಕಾ, ನಾಲ್ಕನೇದು ಕಿತ್ತಳೇನೇ! ನಾನೇ ಜೋಡಿಸಿದ್ದು!”

“ಹಾಗಾದ್ರೆ ನೀನೇ ಒತ್ತು. ಪರದೆ ಹಿಂಗೇ ಕಪ್ಪಗಿರ್ಲಿ.” ಉರೈ ಅಕ್ಕ ಲ್ಯಾಪ್‌ಟಾಪನ್ನು ಅವಳ ಕಡೆ ತಳ್ಳಿದಳು. “ಸುಲಭದ್ದೇ ಮಾಡು. ಸೋಮವಾರ. ಮೊದಲನೇದು.”

ಇದೇನು ಮಹಾ ಅಂತ ಚಾಬಾ ಟ್ಯಾಬ್ ಒತ್ತಿದಳು. “ಬಟನ್.” ಎಂಟರ್ ಒತ್ತಿದಳು. ಫೋನಿನ ಪಟ್ಟಿ ನೋಡಿದಳು. ಏನೂ ಸೇರಿರಲಿಲ್ಲ. ಮತ್ತೆ ಎಂಟರ್. ಏನೂ ಇಲ್ಲ. ಇನ್ನೂ ಎರಡು ಸಲ ಕುಟ್ಟಿದಳು.

“ಕೆಟ್ಟುಹೋಗಿದೆ ಇದು,” ಎಂದಳು.

“ಪರದೆ ಹಾಕು, ನೋಡೋಣ.”

ಪರದೆಗೆ ಬೆಳಕು ಬಂತು. ಪುಟದ ತುತ್ತತುದಿಯಲ್ಲಿ ಒಂದು ಹುಂಜ ಕುಣಿಯುತ್ತಿತ್ತು. ಹಾರಿತು, ಇಳಿಯಿತು, ಮತ್ತೆ ಹಾರಿತು. ಒತ್ತಿದಷ್ಟೂ ಸಲ ಹಾರಿ ಮುಗಿಸಿ, ಕೊನೆಗೆ ರೆಕ್ಕೆ ಮಡಚಿ ನಿಂತಿತು.

ಚಾಬಾಳ ಅಪ್ಪ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಮೇಲೆ ಹುಂಜದ ಚಿತ್ರ ಬರೆಯುತ್ತಾರೆ. ಕಪ್ಪು ಬಾಲ, ಕೆಂಪು ಜುಟ್ಟು. ಆ ಹುಂಜವನ್ನೇ ಅವಳು ಪುಟದ ಮೇಲೆ ಅಂದಕ್ಕೆಂದು ಕೂರಿಸಿದ್ದಳು. ಒತ್ತಿದರೆ ಹಾರುತ್ತಿತ್ತು, ಅಷ್ಟೇ. ಇಡೀ ಪುಟದಲ್ಲಿ ಅವಳಿಗೆ ಅದೇ ಎಲ್ಲಕ್ಕಿಂತ ಇಷ್ಟ.

“ಹುಂಜ,” ಎಂದಳು ಮೆಲ್ಲಗೆ. “ಮೊದಲನೇದು ಸೋಮವಾರ ಅಲ್ಲ. ಹುಂಜ.”

“ಓಹೋ! ಅದಕ್ಕೇ ಆರು ಬಟನ್ನು. ನಿಮ್ ಶಾಲೆಗೆ ವಾರದಲ್ಲಿ ಆರು ದಿನ ಯಾವಾಗಿಂದ ಬಂತಪ್ಪಾ ಅಂದ್ಕೊಂಡೆ.”

ಚಾಬಾಗೆ ನಗು ಬರಲಿಲ್ಲ. “ಬಣ್ಣ ಎಲ್ಲರಿಗೂ ಗೊತ್ತಲ್ವಾ ಅಕ್ಕಾ. ಯಾರಾದ್ರೂ ಹೆಸರು ಬೇರೆ ಬರೀತಾರಾ?”

“ನಂಗೂ ಗೊತ್ತು ಕಣೇ ಬಣ್ಣ. ಇವತ್ತು ನಾನು ಯಾವ ಬಣ್ಣ ಹಾಕಿದೀನಿ?”

“ಗುಲಾಬಿ.”

“ಮಂಗಳವಾರ ಅಲ್ವಾ, ಮತ್ತೆ? ಬೀರುವಲ್ಲಿ ಏಳು ಅಂಗಿ ಇದೆ. ಎಲ್ಲಾ ಒಂದೇ ಬಟ್ಟೆ, ಒಂದೇ ಹೊಲಿಗೆ. ನಂಗೆ ಹೆಂಗೆ ಸಿಕ್ತು ಇದು? ಬಾ ಇಲ್ಲಿ. ಕಾಲರ್ ಒಳಗೆ ಮುಟ್ಟಿ ನೋಡು. ಕಣ್ಣು ಮುಚ್ಕೋ.”

ಚಾಬಾ ಕಣ್ಣು ಮುಚ್ಚಿ ಬೆರಳಾಡಿಸಿದಳು. ದಾರದ ಪುಟ್ಟ ಗಂಟುಗಳು ಸಿಕ್ಕಿದವು. ಒಂದು, ಎರಡು, ಮೂರು.

“ಭಾನುವಾರದ ಅಂಗಿಗೆ ಒಂದು ಗಂಟು. ಸೋಮವಾರಕ್ಕೆ ಎರಡು. ಮಂಗಳವಾರಕ್ಕೆ ಮೂರು. ಅಮ್ಮ ಹಾಕ್ಕೊಟ್ಟಿದ್ದು. ಹೊರಗಿಂದ ನೋಡಿದೋರಿಗೆ ಅದು ಕಾಣತ್ತಾ?”

“ಇಲ್ಲ.”

“ಹಂಗೇ. ನಿನ್ ಗುಂಡೂ ಇರ್ಲಿ, ಹುಂಜಾನೂ ಇರ್ಲಿ. ಒಳಗಡೆ ಒಂದೊಂದು ಹೆಸರು ಹಾಕು, ಸಾಕು.”

ಚಾಬಾ ಕಣ್ಣು ಬಿಡಲಿಲ್ಲ. ಅವಳಿಗೆ ನಿನ್ನೆಯ ಸೋಮವಾರ ನೆನಪಾಗಿತ್ತು. ಬಿಡುವಿನ ಹೊತ್ತೆಲ್ಲ ಪಿಕುನ್ ಎರಡು ಪೆನ್ಸಿಲ್ ಹಿಡಿದು ಡೆಸ್ಕಿನ ಮೇಲೆ ಬಾರಿಸುತ್ತಿದ್ದಳು. ತಲೆನೋವು ಬರ್ತಿದೆ ನಿಲ್ಲಿಸೇ ಅಂತ ಚಾಬಾನೇ ರೇಗಿದ್ದಳು. ಶುಕ್ರವಾರ ಬಟನ್ ಒತ್ತಿದಾಗಿನಿಂದ ಇವತ್ತು ಪಟ್ಟಿ ಬರುವವರೆಗೂ, ನಾಲ್ಕು ದಿನ, ಪಿಕುನ್ ರನಾತ್ ಸಿಕ್ಕೇಬಿಟ್ಟಿದೆ ಅಂದುಕೊಂಡು ಖುಷಿಯಾಗಿದ್ದಳು.

“ಅಕ್ಕಾ, ಈ ರಿಪೋರ್ಟ್ ನೀವೇ ಟೀಚರಿಗೆ ಕಳಿಸ್ಬಿಡ್ತೀರಾ?”

“ಕಳಿಸ್ಬಹುದು,” ಎಂದಳು ಉರೈ ಅಕ್ಕ. ಬಟ್ಟಲಿನಲ್ಲಿದ್ದ ಹುರಿಗಡಲೆಗೆ ಕೈ ಹಾಕಿದಳು.

ಚಾಬಾ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ ಸಾಲುಗಳನ್ನು ಇನ್ನೊಮ್ಮೆ ಓದಿಕೊಂಡಳು. ಹಾಳೆ ಹರಿದು ಮಡಚಿ ಜೇಬಿಗೆ ಹಾಕಿಕೊಂಡಳು.

“ಬೇಡ ಬಿಡಿ. ನಾನೇ ಕೊಡ್ತೀನಿ.”

*

ಮರುದಿನ ಬೆಳಿಗ್ಗೆ ಧ್ವಜ ಏರಿಸಿ ಕ್ಲಾಸಿಗೆ ಬಂದ ಕೂಡಲೇ ಚಾಬಾ ಎದ್ದು ನಿಂತು ಓದಿದಳು. “ಗುಂಡುಗಳಿಗೆ ಹೆಸರಿಲ್ಲ. ಸಿಕ್ಕಿದ ಕ್ಲಬ್ ಯಾವುದು ಅಂತ ಪುಟ ಹೇಳುವುದಿಲ್ಲ. ಮೊದಲನೇ ಬಟನ್ ಹುಂಜ. ಪಿಕುನ್ ಸರಿಯಾಗಿ ಎಣಿಸಿದ್ದಳು. ತಪ್ಪು ಪುಟದ್ದು.” ಒಂದು ಕ್ಷಣ ತಡೆದು, “ಪುಟ ಮಾಡಿದ್ದು ನಾನು,” ಎಂದು ಸೇರಿಸಿದಳು.

ಕ್ಲಾಸಿನಲ್ಲಿ ಗುಲ್ಲೋ ಗುಲ್ಲು.

“ಅಯ್ಯೋ, ನಂಗೆ ತಕ್ರಾವ್ ಚೆಂಡಾಟ ಸಿಕ್ಕಿತ್ತು ಕಣೇ! ಮತ್ತೆ ಒತ್ಬೇಕಾ?”

“ಚಾಬಾ! ನಿನ್ನ ಆ ಹುಂಜ!”

“ಹುಂಜ ಮೊಟ್ಟೆ ಇಟ್ಬಿಡ್ತು ನೋಡ್ರೋ!” ಎಂದು ಟೋನ್ ಕೂಗಿದ. ಮಕ್ಕಳೆಲ್ಲ ನಕ್ಕರು. ಚಾಬಾಳ ಕಿವಿ ಬಿಸಿಯಾದವು.

ಪಿಕುನ್ ಮಾತ್ರ ನಗಲಿಲ್ಲ. ಥ್ಯಾಂಕ್ಸ್ ಅಂತಲೂ ಅನ್ನಲಿಲ್ಲ. “ನಾಲ್ಕನೇದು ಅಂತ ಹೇಳಿದ್ನಲ್ಲ,” ಎಂದಳು, ಅಷ್ಟೇ.

ಬುಧವಾರ, ಗುರುವಾರ ಎರಡು ಸಂಜೆಯೂ ಚಾಬಾ ಪುಟ ತಿದ್ದುತ್ತ ಕೂತಳು. ತಿದ್ದಿದ್ದನ್ನು ಉರೈ ಅಕ್ಕ ಪರೀಕ್ಷಿಸುವಳು. ಚಾಬಾ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುವಳು. ಇದು ಸರಿಹೋದರೆ ಅದು ಕೈಕೊಡುತ್ತಿತ್ತು. ಬಾಕಿ ಸೀಟಿನ ಲೆಕ್ಕ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಸಿಗುತ್ತಿರಲಿಲ್ಲ. ಅದನ್ನೂ ಸರಿಮಾಡಿದಳು. ಹುಂಜ ಪುಟದ ತಲೆಯಿಂದ ಇಳಿದು ಕೊನೆಗೆ ಹೋಗಿ ಕೂತಿತು.

ಶುಕ್ರವಾರ ಮಧ್ಯಾಹ್ನ ಕಂಪ್ಯೂಟರ್ ಕೋಣೆ ಸಂತೆಯಾಗಿತ್ತು. ಟೀಚರ್ ಮೂರು ಎಣಿಸಿ, “ಶುರು!” ಅಂದರು.

ಹೆಡ್‌ಫೋನಿನ ದೊಡ್ಡ ಕಂಪ್ಯೂಟರ್ ಮುಂದೆ ಪಿಕುನ್ ಕೂತಿದ್ದಳು. ಏನಾದರೂ ಕೈಕೊಟ್ಟರೆ ಇರಲಿ ಅಂತ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಚಾಬಾ ಕೂತಳು.

ಪಿಕುನ್ ಅವಸರ ಮಾಡಲಿಲ್ಲ. ಪುಟವನ್ನು ಮೊದಲಿಂದ ಕೇಳಿದಳು. ಹಳದಿ ಗುಂಡು. ಗುಲಾಬಿ ಗುಂಡು. ಕಿತ್ತಳೆ ಗುಂಡಿನ ಮೂಲೆಯಲ್ಲಿ ಸೀಟಿನ ಲೆಕ್ಕ ಇಳಿಯುತ್ತಿತ್ತು. ಎಂಟಿದ್ದದ್ದು ಆರಾಯಿತು, ಐದಾಯಿತು.

ಇನ್ನೆರಡೇ ಸಲ ಒತ್ತೇ, ಅಷ್ಟೇ! ಚಾಬಾಳ ನಾಲಿಗೆಯ ತುದಿಗೆ ಬಂದಿತ್ತು. ಕೈ ತಾನಾಗಿಯೇ ಮೌಸಿನ ಕಡೆ ಹೋಯಿತು. ಅವಳು ಒತ್ತಿದರೆ ಅರ್ಧ ಕ್ಷಣದ ಕೆಲಸ.

ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಗಟ್ಟಿಯಾಗಿ ಕೂತಳು.

ಮೂರು ಸೀಟು. ಪಿಕುನ್ ಹಸಿರು ಗುಂಡಿನ ಮೇಲೆ ತಡೆದಳು. ಮತ್ತೆ ಕೇಳಿಸಿಕೊಂಡಳು.

“ಸಿಹಿತಿಂಡಿ ಫುಲ್!” ಹಿಂದಿನಿಂದ ಟೋನ್ ಕೂಗಿದ. ಚಾಬಾ ತಿರುಗಿ ನೋಡಲಿಲ್ಲ.

ಎರಡು ಸೀಟು. ಪಿಕುನ್ ಟ್ಯಾಬ್ ಒತ್ತಿದಳು. ಹೆಡ್‌ಫೋನಿನಿಂದ ಧ್ವನಿ ಸಣ್ಣಗೆ ಹೊರಗೂ ಕೇಳಿಸಿತು. “ಗುರುವಾರ. ರನಾತ್. ಎರಡು ಸೀಟು ಬಾಕಿ. ಬಟನ್.”

ಒಂದು ಉಸಿರಿನಷ್ಟು ಹೊತ್ತು ಅವಳ ಬೆರಳು ಎಂಟರ್ ಮೇಲೆ ನಿಂತಿತು. ಆಮೇಲೆ ಒತ್ತಿತು.

“ಗುರುವಾರದ ರನಾತ್ ಕ್ಲಬ್ಬಿಗೆ ನಿಮ್ಮ ಹೆಸರು ಸೇರಿದೆ.”

ಪಿಕುನ್ ಅದನ್ನು ಇನ್ನೊಂದು ಸಲ ಕೇಳಿಸಿಕೊಂಡಳು. ಮತ್ತೊಂದು ಸಲ ಕೇಳಿಸಿಕೊಂಡಳು. ಮುಖ ಪೂರ್ತಿ ಅರಳಿತು. ಸುಮ್ಮನಿರಲಾರದೆ ಪುಟದ ಕೊನೆಯವರೆಗೂ ಟ್ಯಾಬ್ ಒತ್ತುತ್ತ ಹೋದಳು.

“ಹುಂಜ. ಒತ್ತಿದರೆ ಹಾರುತ್ತದೆ. ಬಟನ್.”

ಒತ್ತಿದಳು. ಕೊಕ್ಕೋಕ್ಕೋ ಎಂದು ಗೊಗ್ಗರು ಗಂಟಲಿನ ಕೂಗೊಂದು ಹೆಡ್‌ಫೋನಿನಲ್ಲಿ ಮೊಳಗಿತು. ಪಿಕುನ್ ಬೆಚ್ಚಿಬಿದ್ದಳು, ಆಮೇಲೆ ಬಿದ್ದು ಬಿದ್ದು ನಕ್ಕಳು.

“ಅಯ್ಯಯ್ಯೋ, ಯಾರ್ದೇ ಇದು ಧ್ವನಿ?”

“ನಮ್ಮಪ್ಪಂದು. ನಿಜವಾದ ಹುಂಜ ರೆಕಾರ್ಡ್ ಮಾಡೋಣ ಅಂದ್ರೆ ಅದು ಬಾಯೇ ಬಿಡ್ಲಿಲ್ಲ.”

ಚಾಬಾ ತೊಡೆಯ ಕೆಳಗಿನಿಂದ ಕೈ ತೆಗೆದಳು. ಸ್ಟೂಲಿನ ತೂತುಗಳು ಒತ್ತಿ ಅಂಗೈ ತುಂಬ ದುಂಡನೆ ಗುರುತು ಎದ್ದಿದ್ದವು. ಅವುಗಳ ಮೇಲೆ ಹೆಬ್ಬೆರಳು ಆಡಿಸಿದಳು.

“ನಿಂದು ಯಾವ ಕ್ಲಬ್ಬೇ?” ಎಂದಳು ಪಿಕುನ್.

“ನಾನಿನ್ನೂ ಒತ್ತಿಲ್ಲ.”

“ಏನೇ ನೀನು! ಒತ್ತು ಬೇಗ, ಮತ್ತೆ!”

ಪಿಕುನ್ ಎದ್ದು ಜಾಗ ಬಿಟ್ಟುಕೊಟ್ಟಳು. ಚಾಬಾ ಅಲ್ಲಿಗೆ ಸರಿದು ಕೂತಳು. ಕೈ ಚಾಚಿ ಪರದೆಯ ಸ್ವಿಚ್ ಆಫ್ ಮಾಡಿದಳು.

“ಹೆಡ್‌ಫೋನ್ ಇಲ್ಲಿ ಕೊಡು,” ಎಂದಳು.